ಅರ್ಜಿ ಬರೆಯುವ ಶೀನಪ್ಪಯ್ಯನ ಮೊಮ್ಮಗ

ಲಂಡನ್ನಿನ ಹೇಸ್‌ನ ಸಮುದಾಯ ಭವನದಲ್ಲಿ ಪ್ರತಿ ಆಗಸ್ಟಿನಲ್ಲೂ ಕನ್ನಡದವರು ಸೇರಿ ಸ್ವಾತಂತ್ರ್ಯೋತ್ಸವ ಮಾಡುತ್ತಾರೆ. ಅಲ್ಲಿ ಉಮಾನಾಥನಿಗೆ ಒಂದೇ ದಿನದಲ್ಲಿ ಎರಡು ವೇಷ. ಬೆಳಗಿನ ಆರರಿಂದ ಹನ್ನೊಂದರವರೆಗೆ ಭವನದ ಹಿಂದಿನ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಇನ್ನೂರು ಜನರಿಗೆ ಬಿಸಿಬೇಳೆಬಾತು, ಗೋಳಿಬಜೆ, ಪಾಯಸ ಮಾಡುವ ಅಡುಗೆಯವನು. ಹನ್ನೊಂದು ದಾಟಿತೋ, ಕೈಗೆ ಮೆತ್ತಿದ ಮೈದಾ ತೊಳೆದುಕೊಂಡು, ಇಸ್ತ್ರಿ ಮಾಡಿಟ್ಟ ಖಾದಿ ಜುಬ್ಬ ಏರಿಸಿ, ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂರುವ ಗಣ್ಯ. ಅಡುಗೆಮನೆಯಿಂದ ಆ ಕುರ್ಚಿಗೆ ಐವತ್ತು ಹೆಜ್ಜೆಯೂ ಇಲ್ಲ. ಆದರೆ ಅಷ್ಟು ದೂರ ಅವನನ್ನು ಕೈಹಿಡಿದು ನಡೆಸುತ್ತಿದ್ದವನು ಅವನ ಸತ್ತುಹೋದ ಅಜ್ಜ.

ಸಂಘದ ಅಧ್ಯಕ್ಷ ರಾಮಪ್ರಸಾದ್ ಎಜ್‌ವೇರ್‌ನವರು. ಇಪ್ಪತ್ತೈದು ವರ್ಷದ ಹಿಂದೆ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದು ಇಲ್ಲೇ ಬೇರುಬಿಟ್ಟವರು. ಮೈಕು ಕೈಗೆ ಸಿಕ್ಕರೆ ಬಿಡುವ ಆಸಾಮಿಯಲ್ಲ. ಪ್ರತಿ ವರ್ಷವೂ ಅದೇ ಮಾತು, ಅದೇ ಏರಿಳಿತ: "ಇಲ್ಲಿ ಕೂತಿದಾರಲ್ಲ, ನಮ್ ಉಮಾನಾಥ್ ಅವ್ರು, ಇವ್ರ ತಾತ ಶೀನಪ್ಪಯ್ಯನೋರು ಕುಂದಾಪುರದ ಕಡೆ ಏಳು ಹಳ್ಳಿಗಳ ಉಪ್ಪಿನ ಹೋರಾಟದ ಲೀಡರ್! ಆರು ತಿಂಗಳು ಜೈಲು! ಅಂಥವ್ರ ರಕ್ತ ನಮ್ ನಡುವೆ ಇದೆ!" ಚಪ್ಪಾಳೆ ಬೀಳುತ್ತಿತ್ತು. ಉಮಾನಾಥ ಸಂಕೋಚದಿಂದ ತಲೆ ತಗ್ಗಿಸುತ್ತಿದ್ದ, ಕಿವಿ ಮಾತ್ರ ಚಪ್ಪಾಳೆಯ ಕೊನೆಯ ಸದ್ದಿನವರೆಗೂ ತೆರೆದಿರುತ್ತಿತ್ತು.

ಇದನ್ನು ಕೇಳಿ ಯಾರೂ ನಗಬಾರದು. ಅವನಿಗೆ ಇದ್ದದ್ದು ಅದೊಂದೇ. ಇಪ್ಪತ್ತಾರನೇ ವಯಸ್ಸಿಗೆ ಊರಿನವರ ಹೋಟೆಲಿಗೆ ಅಡುಗೆಗೆಂದು ಲಂಡನ್ನಿಗೆ ಬಂದವನು. ಹೋಟೆಲಿನ ಮೇಲಿನ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುತ್ತಿದ್ದರು. ದೋಸೆಹಿಟ್ಟಿನ ಬಕೆಟ್ ಎತ್ತಿ ಎತ್ತಿ ಸೊಂಟ ಹೋಯಿತು. ಈಗ ಅರವತ್ತಮೂರು, ಗ್ರೀನ್‌ಫರ್ಡ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟ ಬೇಯಿಸುತ್ತಾನೆ. ಸಂಘದ ಸಭೆಗಳಲ್ಲಿ ಉಳಿದವರು ಮನೆ ಸಾಲದ ಬಡ್ಡಿ, ಮಕ್ಕಳ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆ ಅಂತ ಮಾತಾಡಿಕೊಳ್ಳುವಾಗ ಇವನು ಉಪ್ಪಿನಕಾಯಿ ಜಾಡಿಯ ಮುಚ್ಚಳ ಸರಿಮಾಡುತ್ತಾ ನಿಂತಿರುತ್ತಿದ್ದ. ವರ್ಷಕ್ಕೊಂದು ದಿನ, ಅಜ್ಜನ ದೆಸೆಯಿಂದ, ಅವರೆಲ್ಲರ ಸಮಕ್ಕೆ ಕೂರುತ್ತಿದ್ದ.

ಆ ದಿನ ಅಡುಗೆಮನೆಯ ಕಿಟಕಿಯಾಚೆ ಬಡಿಸಲು ನಿಲ್ಲುತ್ತಿದ್ದವಳು ಅವನ ಹೆಂಡತಿ ಸುಗುಣಾ. ಅವಳೂ ಕುಂದಾಪುರದ ಕಡೆಯವಳೇ, ಹೊಳೆಬದಿಯ ಕೋಡಿಹಿತ್ಲಿನವಳು. ಮೀನುಗಾರರ ಮನೆಯ ಹುಡುಗಿ. ಮಂಗಳೂರಿನ ಒಂದು ಕುಟುಂಬದ ಮಕ್ಕಳನ್ನು ನೋಡಿಕೊಳ್ಳಲು ಲಂಡನ್ನಿಗೆ ಬಂದವಳು, ಆಮೇಲೆ ಹೇಸ್‌ನಲ್ಲಿ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಗೆ ಸೇರಿದಳು. ಬಸ್‌ಸ್ಟಾಪಿನಲ್ಲಿ ಊರಿನ ಮಾತು ಕಿವಿಗೆ ಬಿದ್ದು ಉಮಾನಾಥ ತಿರುಗಿ ನೋಡಿದ್ದು, ಮುಂದಿನ ವರ್ಷ ರಿಜಿಸ್ಟರ್ ಆಫೀಸಿನಲ್ಲಿ ಮದುವೆ. ಅವನದು ಪುರೋಹಿತರ ಮನೆತನ. ಊರಿನಲ್ಲಿ ಆ ಸುದ್ದಿ ಹೇಗೆ ಸ್ಫೋಟಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಮಗಳು ಹುಟ್ಟಿದಾಗ ಅವನ ಅಮ್ಮ ಮೂರು ತಿಂಗಳು ಗ್ರೀನ್‌ಫರ್ಡ್‌ಗೆ ಬಂದಿದ್ದರು. ಸೊಸೆ ಮಾಡಿದ್ದನ್ನು ಉಣ್ಣಲಿಲ್ಲ. ತಾವೇ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಕೊಂಡರು. ಒಂದು ದಿನ ಸುಗುಣಾ ಸಾರಿಗೆ ಉಪ್ಪು ಹಾಕುವಾಗ ಅಮ್ಮ ಅಂದರು: "ನಮ್ದ್ ಸ್ವಾತಂತ್ರ್ಯಕ್ಕೆ ಜೈಲಿಗೆ ಹೋದವ್ರ್ ಮನಿ. ನಿಮ್ದ್ ಹೊಳಿಬದಿಯಗೆ ಕದ್ದ್ ಉಪ್ಪ್ ಬೇಯಿಸ್ತಿದ್ದವ್ರ್ ಮನಿ ಅಲ್ದಾ?" ಸುಗುಣಾ ಉಪ್ಪಿನ ಡಬ್ಬಿ ಮುಚ್ಚಿಟ್ಟಳು. ಉಮಾನಾಥ ಅಮ್ಮನನ್ನು ತಡೆಯಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಸರಿ. ಐದಾರು ವರ್ಷದ ಮೇಲೆ, ಯಾವುದೋ ಜಗಳದ ಬಿಸಿಯಲ್ಲಿ, ಅದೇ ಮಾತು ಅವನ ಬಾಯಿಂದಲೇ ಬಂದುಬಿಟ್ಟಿತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ, ಕ್ಷಮೆ ಮಾತ್ರ ಕೇಳಲಿಲ್ಲ. ಸುಗುಣಾ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಎಂದಿನಂತೆ ಟೀ ಮಾಡಿಕೊಟ್ಟಳು.

ಈ ವರ್ಷ ಸಂಘಕ್ಕೆ ಸ್ಮರಣ ಸಂಚಿಕೆ ತರುವ ಹುರುಪು. ಅದರ ಹೊಣೆ ಹೊತ್ತವಳು ಸ್ಮೃತಿ, ಬೆಂಗಳೂರಿನಿಂದ ಬಂದು ನಾಲ್ಕು ವರ್ಷವಾದ ಚುರುಕು ಹುಡುಗಿ. ಎಲ್ಲರ ಹಾಗೆ ಹಾರ ಹಾಕಿದ ಫೋಟೋ ಹಾಕಿ ಸುಮ್ಮನಾಗುವವಳಲ್ಲ. ಕಿಂಗ್ಸ್ ಕ್ರಾಸ್ ಹತ್ತಿರದ ದೊಡ್ಡ ಲೈಬ್ರರಿಯಲ್ಲಿ ಬ್ರಿಟಿಷರ ಕಾಲದ ಕಡತಗಳಿವೆ ಅಂತ ತಿಳಿದು ನಾಲ್ಕು ಶನಿವಾರ ಅಲ್ಲೇ ಕೂತಳು. ಜುಲೈ ತಿಂಗಳಲ್ಲಿ ಅವಳ ಫೋನು ಬಂತು.

"ಅಂಕಲ್, ಫೈಲ್ ಸಿಕ್ತು! ನಿಮ್ ತಾತನ್ ಹೆಸ್ರು ಇದೆ! ಆದ್ರೆ ಅರ್ಧ ಕನ್ನಡದಲ್ಲಿದೆ, ಆ ಕೈಬರಹ ನಂಗೆ ಒಂದಕ್ಷರಾನೂ ಓದಕ್ಕಾಗ್ತಿಲ್ಲ. ನೀವೇ ಬರ್ಬೇಕು."

ಉಮಾನಾಥ ಮದುವೆಗೆ ಹೊರಟವನಂತೆ ಹೊರಟ. ಬ್ಯಾಗು, ಕೋಟು, ಪೆನ್ನು ಎಲ್ಲ ಕೆಳಗೇ ಇಡಿಸಿಕೊಂಡು, ಒಂದು ಪೆನ್ಸಿಲು ಮಾತ್ರ ಕೊಟ್ಟು ಒಳಗೆ ಬಿಟ್ಟರು. ಮೇಜಿನ ಮೇಲೆ ಮೆತ್ತನೆಯ ದಿಂಬು, ದಿಂಬಿನ ಮೇಲೆ ಕಟ್ಟು. 1930ರಲ್ಲಿ ಆ ಕಡೆಯ ಇಂಗ್ಲಿಷ್ ಅಧಿಕಾರಿಯೊಬ್ಬ ಮೇಲಿನವರಿಗೆ ಕಳಿಸಿದ ವರದಿ, ಅದಕ್ಕೆ ಸಾಕ್ಷಿಯೆಂದು ಲಗತ್ತಿಸಿದ ಹನ್ನೊಂದು ಕನ್ನಡ ಅರ್ಜಿಗಳು. ಸ್ಮೃತಿ ಇಂಗ್ಲಿಷಿನ ಭಾಗವನ್ನು ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳಿದಳು: "'ಈ ಚಳವಳಿಯ ಸೂತ್ರಧಾರ ಶೀನಪ್ಪಯ್ಯ. ಹೆಬ್ಬೆಟ್ಟು ಹಾಕಿದವರು ಅರ್ಜಿಯಿಂದ ಅರ್ಜಿಗೆ ಬದಲಾಗಿದ್ದಾರೆ. ಹನ್ನೊಂದರಲ್ಲೂ ಇರುವ ಹೆಸರು ಇವನದೊಂದೇ.' ಅಂಕಲ್, ಗೂಸ್‌ಬಂಪ್ಸ್ ಬರುತ್ತೆ ಅಲ್ವಾ?"

ಉಮಾನಾಥ ಮೊದಲ ಅರ್ಜಿಯ ಕೊನೆ ನೋಡಿದ. ಹನ್ನೆರಡು ಹೆಬ್ಬೆಟ್ಟಿನ ಗುರುತು, ಪ್ರತಿಯೊಂದರ ಪಕ್ಕ ಒಂದೊಂದು ಹೆಸರು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಬಲಮೂಲೆಯಲ್ಲಿ, ಚಿಕ್ಕದಾಗಿ: 'ಬರೆದಾತ ಕುಂದಾಪುರದ ಅರ್ಜಿ ಶೀನಪ್ಪಯ್ಯ'.

ಅವನು ಹನ್ನೊಂದನ್ನೂ ಸರಸರನೆ ತಿರುವಿದ. ಎಲ್ಲದರಲ್ಲೂ ಗೆರೆಯ ಕೆಳಗೆ, ಅದೇ ಮೂಲೆ, ಅದೇ ಮಾತು.

ಊರ ಕಡೆಯ ಹಳೆಯ ಕಾಗದ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಓದುಬರಹ ಬಾರದವರು ಬರೆಸುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದರು. ಬರೆದವನು ಕೊನೆಯಲ್ಲಿ ತನ್ನ ಹೆಸರು ಹಾಕಬೇಕು. ನಾಳೆ ಒಕ್ಕಣೆಯಲ್ಲಿ ಹೆಚ್ಚುಕಡಿಮೆ ಕಂಡರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಅಂತ. ತಾಲೂಕು ಕಚೇರಿಯ ಎದುರು ಚಾವಡಿಯಲ್ಲಿ ಹಲಗೆ ಇಟ್ಟುಕೊಂಡು ಕೂಲಿಗೆ ಅರ್ಜಿ ಬರೆಯುವ ಮನುಷ್ಯನ ಹೆಸರು ಇಡೀ ತಾಲೂಕಿನ ಅರ್ಜಿಗಳ ಮೇಲಿರುತ್ತಿತ್ತು. ಅಜ್ಜ ಅರ್ಜಿ ಬರೆಯುತ್ತಿದ್ದನೆಂದು ಉಮಾನಾಥನಿಗೆ ಗೊತ್ತಿತ್ತು. ಜನರನ್ನು ಕಟ್ಟಿ, ಹೋರಾಟಕ್ಕಿಳಿಸಿ, ಅದಕ್ಕಾಗಿ ಬರೆದ ಅಂತ ತಿಳಿದಿದ್ದ. ಇಲ್ಲಿ ನೋಡಿದರೆ ಅಜ್ಜ ಗೆರೆಯ ಮೇಲೆ ಒಂದು ಸಲವೂ ಬಂದಿಲ್ಲ.

ಕಟ್ಟಿನ ಕೊನೆಗೆ ಇನ್ನೊಂದು ಹಾಳೆಯಿತ್ತು. ಅಜ್ಜನ ಹೇಳಿಕೆ, ಅಜ್ಜನದೇ ಅಕ್ಷರ, ಲಾಕಪ್ಪಿನಿಂದ ಬರೆದದ್ದು.

'ನಾನು ಕೂಲಿಗೆ ಅರ್ಜಿ ಬರೆಯುವವನು. ಬರೆಸಿದವರ ಮಾತು ಬರೆಸಿದವರದೇ ಹೊರತು ನನ್ನದಲ್ಲ. ಸರಕಾರದ ಮೇಲೆ ನನಗೆ ಯಾವ ತಕರಾರೂ ಇಲ್ಲ. ಪಾದಾರವಿಂದಗಳಿಗೆ ಎಂಬ ಮಾತನ್ನು ನಾನು ಮೊದಲಿನಿಂದಲೂ ಬರೆಯುತ್ತಿದ್ದೆ. ಹೊಳೆಬದಿಯವರು ಅದು ಬೇಡವೆಂದು ಹಾಳೆ ಹರಿಸಿ ಬೇರೆ ಬರೆಸಿದರು. ಕೊನೆಯದನ್ನು ಬರೆಯಲಾರೆನೆಂದೆ. ನೀವು ಬರೆಯದಿದ್ದರೆ ಬೈಂದೂರಿನವನ ಹತ್ತಿರ ಬರೆಸುತ್ತೇವೆ ಎಂದರು. ನಾನು ಸಂಸಾರವಂದಿಗ. ಮಹಾಸ್ವಾಮಿಯವರು ದಯಮಾಡಿ ಬಿಡಿಸಬೇಕು.'

ಅದರ ಅಂಚಿನಲ್ಲಿ ಅಧಿಕಾರಿ ಇಂಗ್ಲಿಷಿನಲ್ಲಿ ಗೀಚಿದ್ದನ್ನು ಸ್ಮೃತಿ ಬೆರಳಿಟ್ಟು ಓದಿ ಹೇಳಿದಳು: "'ಇದು ನಂಬುವ ಮಾತಲ್ಲ. ಉಪ್ಪು ಬೇಯಿಸುವ ಅಕ್ಷರಹೀನರಿಗೆ ಇಂಥ ಯೋಚನೆ ಹುಟ್ಟಲು ಸಾಧ್ಯವೇ ಇಲ್ಲ. ಇದರ ಹಿಂದಿರುವ ತಲೆ ಇವನದೇ. ಆರು ತಿಂಗಳು.' ನಿಮ್ ತಾತಂಗೆ ಎಷ್ಟು ಹೆದರಿದಾರೆ ನೋಡಿ ಅಂಕಲ್! ಕನ್ನಡದಲ್ಲಿ ಏನ್ ಬರ್ದಿದಾರೆ ಅವ್ರು?"

ಆ ಕೈಬರಹ ಉಮಾನಾಥನಿಗೆ ಮನೆಯ ಹಳೆಯ ಕಾಗದಗಳಿಂದ ಚಿಕ್ಕಂದಿನಲ್ಲೇ ಪರಿಚಯ. ಆ ದೊಡ್ಡ ಕೋಣೆಯಲ್ಲಿ, ಬಹುಶಃ ಆ ದೊಡ್ಡ ಊರಿನಲ್ಲೇ, ಆ ಅಕ್ಷರವನ್ನು ಓದಬಲ್ಲವನು ಅವನೊಬ್ಬ.

"ಅದೇ... ಉಪ್ಪಿನ ವಿಷಯ," ಎಂದ. "ಅನ್ಯಾಯ ಆಗ್ತಾ ಉಂಟು ಅಂತ ಬರೆದಿದ್ದಾರೆ."

"ವಾವ್," ಎಂದಳು ಸ್ಮೃತಿ. ಅವಳು ಅದನ್ನು ಬರೆದುಕೊಂಡಳು.

ಅಲ್ಲಿಂದ ಹದಿನೈದು ದಿನ ಉಮಾನಾಥನಿಗೆ ಅನ್ನ ರುಚಿಸಲಿಲ್ಲ. ಸ್ಮೃತಿ ಎಲ್ಲ ಹಾಳೆಗಳ ಫೋಟೋ ತೆಗೆದು, ಪ್ರಿಂಟ್ ಮಾಡಿ, ಕವರಿನಲ್ಲಿ ಹಾಕಿ ಕಳಿಸಿದ್ದಳು. ಜೊತೆಗೆ ತನ್ನ ಲೇಖನವನ್ನೂ ಇಟ್ಟಿದ್ದಳು, 'ಏಳು ಹಳ್ಳಿಗಳ ನಾಯಕ' ಅಂತ ತಲೆಬರಹ. ಸರಿಯಿದೆಯಾ ನೋಡಿ ಹೇಳಿ ಅಂಕಲ್ ಎಂದು ಕೇಳಿದ್ದಳು. ಅವನು ಮೂರನೆಯ ದಿನ 'ಸರಿ ಉಂಟು' ಎಂದು ಮೆಸೇಜು ಕಳಿಸಿದ. ಸಂಚಿಕೆ ಪ್ರೆಸ್ಸಿಗೆ ಹೋಯಿತು.

ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದನ್ನೂ ಸಾಲಾಗಿ ಹರಡಿಕೊಂಡು ಓದಲು ಕೂತ. ಅಜ್ಜನ ಮೇಲಿನ ಸಿಟ್ಟು, ತನ್ನ ಮೇಲಿನ ಸಿಟ್ಟು, ಎರಡೂ ಇತ್ತು. ಓದುತ್ತ ಓದುತ್ತ ಸಿಟ್ಟು ಮರೆತುಹೋಯಿತು.

1927ರ ಮೊದಲನೆಯದರಲ್ಲಿ ಬರೀ ಅಡ್ಡಬೀಳುವುದೇ. 'ಕೋಡಿಹಿತ್ಲು ಗ್ರಾಮದ ದೀನ ರಯತರು ಧರ್ಮಪ್ರಭುಗಳ ಪಾದಾರವಿಂದಗಳಿಗೆ ಸಾಷ್ಟಾಂಗ ಎರಗಿ ಮಾಡಿಕೊಳ್ಳುವ ಅರಿಕೆ.' ಕೇಳಿದ್ದಾದರೂ ಏನು? ಮನೆಯ ಗಂಜಿಗೆ, ಮೀನು ಒಣಗಿಸುವುದಕ್ಕೆ ಬೇಕಾದಷ್ಟು ಉಪ್ಪನ್ನು ಹೊಳೆಯ ನೀರು ಬತ್ತಿಸಿ ಮಾಡಿಕೊಳ್ಳಲು ಅಪ್ಪಣೆ. ಮಾಡಿಕೊಂಡರೆ ಕಾನೂನು ಪ್ರಕಾರ ಕಳ್ಳತನವಂತೆ. ಎರಡನೆಯದು, ಮೂರನೆಯದು, ಮೊದಲನೆಯದಕ್ಕೆ ಉತ್ತರ ಬರಲಿಲ್ಲವೆಂದು. ನಾಲ್ಕನೆಯದು ಬೇರೆ ಹಳ್ಳಿಯವರದು: ಉಪ್ಪಿನ ಪೇದೆ ಮನೆಯೊಳಗೆ ನುಗ್ಗಿ ಮಡಕೆ ಒಡೆದ, ಅವನನ್ನು ವರ್ಗ ಮಾಡಿ. ಅಂದರೆ ಆಗಿನ್ನೂ ತಪ್ಪೆಲ್ಲ ಆ ಪೇದೆಯದು, ಮೇಲಿರುವ ದೊರೆ ಒಳ್ಳೆಯವನು, ಅವನ ಕಿವಿಗೆ ಬಿದ್ದರೆ ಸಾಕು ಎಂಬ ನಂಬಿಕೆ.

ಆರನೆಯದರಲ್ಲಿ ಪಾದಾರವಿಂದ ಇರಲಿಲ್ಲ. 'ನಮ್ಮ ಹಿರಿಯರು ಕಂಪನಿ ಸರಕಾರ ಬರುವುದಕ್ಕೆ ಮೊದಲೇ ಇಲ್ಲಿ ಉಪ್ಪು ಬೇಯಿಸುತ್ತಿದ್ದರು. ಇದು ಯಾವಾಗ ಕಳ್ಳತನವಾಯಿತು ಎಂದು ತಿಳಿಸಬೇಕು.' ಪೇದೆಯನ್ನು ಬಿಟ್ಟು ಕಾನೂನನ್ನೇ ಹಿಡಿದುಕೊಂಡಿದ್ದರು. ಒಂಬತ್ತನೆಯದರಲ್ಲಿ ಕಾನೂನನ್ನೂ ದಾಟಿದ್ದರು. 'ಎಂಟು ಅರ್ಜಿಗೆ ಉತ್ತರ ಕೊಡದವರಿಗೆ ನಮ್ಮ ಮೇಲೆ ಅಪ್ಪಣೆ ಮಾಡುವ ಅಧಿಕಾರ ಯಾರು ಕೊಟ್ಟರು?' ಅದು 1930ರ ಫೆಬ್ರವರಿಯದು. ಪೂರ್ಣ ಸ್ವರಾಜ್ಯವೆಂಬ ಮಾತು ಆಗಷ್ಟೇ ಊರೂರಿಗೆ ಹಬ್ಬುತ್ತಿತ್ತು. ಹೊಳೆಬದಿಯವರಿಗೆ ಅದನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಅರ್ಜಿ ಹಾಕಿ ಹಾಕಿ ಅವರೇ ಅದರ ಬಾಗಿಲಿಗೆ ಬಂದು ನಿಂತಿದ್ದರು.

ಹನ್ನೊಂದನೆಯದು ದಂಡಿಯ ಸುದ್ದಿ ಬಂದ ಮೇಲಿನದು. ಏಳೂ ಹಳ್ಳಿಗಳದು, ಮೂವತ್ತೇಳು ಹೆಬ್ಬೆಟ್ಟು, ನಾಲ್ಕೇ ಸಾಲು.

'ನಾಳೆಯಿಂದ ಉಪ್ಪು ಬೇಯಿಸುತ್ತೇವೆ. ಇದು ಅಪ್ಪಣೆ ಕೇಳಲು ಬರೆಸಿದ್ದಲ್ಲ. ನೀರು ನಮ್ಮದು, ನೆಲ ನಮ್ಮದು. ಸರಕಾರವೂ ನಮ್ಮದೇ ಆಗಬೇಕು.'

ಉಮಾನಾಥ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇಷ್ಟು ದೊಡ್ಡ ಮಾತನ್ನು ಅಜ್ಜ ಬರೆಯಲೊಲ್ಲೆ ಅಂದಿದ್ದ. ಅಕ್ಷರ ಓರೆಯಾಗಿತ್ತು. ಮಾತು ಅಕ್ಷರ ಬಾರದವರದು. ಅದನ್ನು ಆ ಬಿಳಿಯ ಅಧಿಕಾರಿ ನಂಬಲಿಲ್ಲ. ಮತ್ತೆ ಅವನಮ್ಮ? ಉಪ್ಪು ಬೇಯಿಸುವವರು ಕಳ್ಳರು, ಬರೆಯುವವನು ನಾಯಕ ಎಂದು ಅವರೂ ಅದೇ ಲೆಕ್ಕ ಹಾಕಿದ್ದರು. ಆ ಬಿಳಿಯನ ತಪ್ಪನ್ನೇ ತಾವು ಮೂರು ತಲೆಮಾರು ದೇವರ ಫೋಟೋದ ಪಕ್ಕ ಇಟ್ಟು ಪೂಜೆ ಮಾಡಿದೆವಲ್ಲ ಎಂದು ಅನಿಸಿ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

ಜೈಲಿನಿಂದ ಬಂದ ಮೇಲೆ ಅಜ್ಜ ಬರೆಯುವ ಹಲಗೆ ಮುಟ್ಟಲಿಲ್ಲ. ಯಾರೇ ಬಂದು ಕೈಮುಗಿದರೂ, "ಅರ್ಜಿ ಬರಿಯುದಿಲ್ಲ, ಹೋಯ್ನಿ" ಅನ್ನುತ್ತಿದ್ದನಂತೆ. ಉಮಾನಾಥ ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಹೋರಾಟಗಾರರಿಗೆ ಪಿಂಚಣಿ ಬಂತು. ಅಪ್ಪ ಫಾರಂ ತಂದರು. ಅಜ್ಜ ಅದನ್ನು ಓದಿ, ನಾಲ್ಕಾಗಿ ಮಡಚಿ, ದಿಂಬಿನಡಿ ಇಟ್ಟುಕೊಂಡನೇ ವಿನಾ ಸಹಿ ಹಾಕಲಿಲ್ಲ. ಎಂಥ ನಿಸ್ಪೃಹ ಜೀವ ಎಂದು ಊರೆಲ್ಲ ಕೊಂಡಾಡಿತು. ಇನ್ನು ಮುಂದೆ ಯಾರ ಮುಂದೆಯೂ ಬೇಡುವುದಿಲ್ಲವೆಂದು ಹೊಳೆಬದಿಯವರಿಂದ ಕಲಿತದ್ದಿರಬಹುದು. ಅವರ ಮೇಲೆ ಎತ್ತಿಹಾಕಿ ತಪ್ಪಿಸಿಕೊಳ್ಳಲು ನೋಡಿದೆನಲ್ಲ ಎಂಬ ಸಂಕಟವೂ ಇರಬಹುದು. ಯಾವುದೆಂದು ಈಗ ಹೇಳುವವರು ಯಾರೂ ಇಲ್ಲ.

ಸುಗುಣಾ ಬಟ್ಟೆ ಒಣಹಾಕಿ ಒಳಗೆ ಬಂದಳು. "ಹ್ವಾಯ್, ಎಂತ ಓದ್ತಾ ಇದ್ರಿ ಆಗಳಿಂದ? ಟೀ ತಣ್ದ್ ಹೋಯ್ತ್ ಕಾಣಿ."

"ಅಜ್ಜ ಬರ್ದದ್ದ್."

ಅವಳು ಬಗ್ಗಿ ನೋಡಿದಳು. ಕನ್ನಡ ಓದಲು ಬರುತ್ತಿತ್ತು, ಆದರೆ ಪದಕ್ಕೂ ಪದಕ್ಕೂ ನಡುವೆ ಸಂದಿಲ್ಲದ ಆ ಮೋಡಿ ಬರಹ ಅವಳಿಗೆ ದಕ್ಕಲಿಲ್ಲ. "ನಮ್ಮೂರ್ ಹೆಸ್ರ್ ಇತ್ತಾ ಅದ್ರಗೆ?"

"ಇತ್ತ್."

"ಎಂತ ಅಂದೇಳಿ ಇತ್ತ್?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಮೂರನೆಯವರಿಲ್ಲ. ಹಾಳೆ ಮುಂದೆಯೇ ಇದೆ. ಹೇಳಿದರೆ ಅಮ್ಮನ ಮಾತು, ತನ್ನ ಮಾತು, ಎರಡನ್ನೂ ತೆಗೆದು ಮೇಜಿನ ಮೇಲಿಡಬೇಕು. ಅವನ ಧೈರ್ಯ ಸಾಲಲಿಲ್ಲ.

"ಎಂತ ಇಲ್ಲ, ಹೆಸ್ರ್ ಅಷ್ಟೇ," ಎಂದ.

"ಹೌದಾ," ಎಂದು ಸುಗುಣಾ ತಣ್ಣಗಾದ ಟೀಯನ್ನು ಮತ್ತೆ ಬಿಸಿಮಾಡಲು ಎತ್ತಿಕೊಂಡು ಹೋದಳು. ಸ್ಮೃತಿಗೆ ಹೇಳಿದ ಸುಳ್ಳಿಗಿಂತ ಈ ಸುಳ್ಳು ಅವನಿಗೆ ಭಾರವಾಯಿತು.

ಆಗಸ್ಟಿನ ಆ ಭಾನುವಾರ ಬಂದೇಬಂತು. ಉಮಾನಾಥ ಆರು ಗಂಟೆಗೇ ಒಲೆ ಹಚ್ಚಿದ. ಆ ದಿನ ಗೋಳಿಬಜೆಗೆ ಉಪ್ಪು ಹಾಕಲು ಮರೆತ, ಸುಗುಣಾ ಒಂದನ್ನು ಮುರಿದು ಬಾಯಿಗೆ ಹಾಕಿ, "ಎಂತ ಆಯ್ತ್ ನಿಮ್ಗೆ ಇವತ್ತ್?" ಎಂದು ಹಿಟ್ಟಿನ ಪಾತ್ರೆ ಎಳೆದುಕೊಂಡು ಸರಿಮಾಡಿದಳು. ಹನ್ನೊಂದೂಕಾಲಿಗೆ ಅವನು ಜುಬ್ಬ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಎಲ್ಲರ ಮಡಿಲಲ್ಲೂ ಸ್ಮರಣ ಸಂಚಿಕೆ. ಮಧ್ಯದ ಪುಟದಲ್ಲಿ 'ಏಳು ಹಳ್ಳಿಗಳ ನಾಯಕ', ಅದರ ಕೆಳಗೆ ಅಜ್ಜನ ಫೋಟೋ, ಪಕ್ಕದಲ್ಲಿ ಹನ್ನೊಂದನೆಯ ಅರ್ಜಿಯ ಚಿತ್ರ. ಯಾರೂ ಓದಲಾರದ ಅಕ್ಷರವಾದ್ದರಿಂದ ಎಲ್ಲರೂ ಅದನ್ನು ಭಕ್ತಿಯಿಂದ ನೋಡುತ್ತಿದ್ದರು.

ರಾಮಪ್ರಸಾದ್ ತಮ್ಮ ಮಾತನ್ನು ಈ ಸಲ ಇನ್ನೂ ಎರಡು ಪಟ್ಟು ಮಾಡಿ ಆಡಿದರು. ಕಡೆಗೆ ಶಾಲು ಬಿಚ್ಚಿ ಹಿಡಿದುಕೊಂಡು, "ಉಮಾನಾಥ್ ಅವ್ರೇ, ಸ್ಟೇಜಿಗೆ ಬನ್ನಿ. ಈ ಸಲ ಬಿಡಲ್ಲ, ಎರಡು ಮಾತಾಡ್ಬೇಕು," ಎಂದರು.

ಉಮಾನಾಥ ಮೇಲೆ ಹೋದ. ಶಾಲು ಹೊದಿಸಲು ಬಂದ ಕೈಯನ್ನು ಮೆಲ್ಲಗೆ ಹಿಡಿದು ತಡೆದ.

"ಇದು ಸ್ವಲ್ಪ ಹೊತ್ತು ನಿಮ್ಮ ಕೈಲೇ ಇರ್ಲಿ ಸರ್," ಎಂದ. ಆಮೇಲೆ ಮೈಕಿನ ಕಡೆ ತಿರುಗಿದ. ಭಾಷಣ ಮಾಡಿ ಗೊತ್ತಿಲ್ಲದ ಮನುಷ್ಯ, ಒಂದೊಂದೇ ಮಾತು ಆಡಿದ. "ನನ್ನಜ್ಜ ನಾಯಕ ಅಲ್ಲ. ಅವ್ರು ಕೂಲಿಗೆ ಅರ್ಜಿ ಬರೀತಿದ್ರು. ಈ ಕಾಗದದ ಕೆಳಗೆ ಅವ್ರ ಹೆಸ್ರು ಇರೋದು ಬರೆದವ ಅಂತ ಅಷ್ಟೇ. ಅದನ್ನ ನೋಡಿ ಇವ್ನೇ ಲೀಡರ್ ಅಂತ ಹಿಡ್ಕೊಂಡು ಹೋದ್ರು. ನಾನಲ್ಲ, ಬರೆಸಿದವ್ರು ಅವ್ರು, ನನ್ನ ಬಿಡಿ ಅಂತ ಅಜ್ಜ ಬೇಡ್ಕೊಂಡ್ರು. ಬಿಡ್ಲಿಲ್ಲ. ನಂಗೆ ಇದು ಗೊತ್ತಾಗಿ ಒಂದು ತಿಂಗಳಾಯ್ತು. ಸ್ಮೃತಿ ಕೇಳಿದಾಗ ನಾನು ಸುಳ್ಳು ಹೇಳ್ದೆ. ತಪ್ಪು ಅವಳದ್ದಲ್ಲ, ನಂದು."

ಸ್ಮೃತಿ ಮಡಿಲಲ್ಲಿದ್ದ ಸಂಚಿಕೆಯನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತಳು. ರಾಮಪ್ರಸಾದ್ ಶಾಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಹಾಗಾದ್ರೆ ಲೀಡರ್ ಯಾರು?" ಎಂದರು, ನಿಜವಾಗಿಯೂ ತಿಳಿಯದೆ.

"ಅವ್ರ ಹೆಸ್ರನ್ನೇ ಓದ್ತೇನೆ," ಎಂದ ಉಮಾನಾಥ.

ಜೇಬಿನಿಂದ ಹಾಳೆ ತೆಗೆದು ಮೊದಲು ಆ ನಾಲ್ಕು ಸಾಲು ಓದಿದ. ಆಮೇಲೆ ಹೆಬ್ಬೆಟ್ಟಿನ ಪಕ್ಕದ ಹೆಸರುಗಳು. ಕೋಡಿಹಿತ್ಲು ಹೆರಿಯ. ಕೋಡಿಹಿತ್ಲು ಸೂರ. ಅವನ ತಮ್ಮ ಕುಷ್ಟ. ಹೊಳೆಬಾಗಿಲು ಶೇಷ. ದೋಣಿ ನಾಗ. ಮೂವತ್ತೇಳು ಹೆಸರು ಓದುವುದೆಂದರೆ ಸಣ್ಣ ಕೆಲಸವಲ್ಲ. ಮಕ್ಕಳು ಕುರ್ಚಿಯಲ್ಲಿ ಮಿಸುಕಾಡಿದರು, ಯಾರದೋ ಫೋನು ಬಡಿದುಕೊಂಡಿತು. ಅವನು ಅವಸರ ಮಾಡಲಿಲ್ಲ. ತೊಂಬತ್ತು ಚಿಲ್ಲರೆ ವರ್ಷ ಆ ಹೆಸರುಗಳನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ.

ಓದಿ ಮುಗಿಸಿ ತಲೆಯೆತ್ತಿದರೆ, ಹಿಂದೆ ಅಡುಗೆಮನೆಯ ಕಿಟಕಿಯಲ್ಲಿ ಸುಗುಣಾ ಸೌಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಇನ್ನೊಂದು ಮಾತುಂಟು," ಎಂದ ಉಮಾನಾಥ. "ನನ್ನ ಹೆಂಡತಿ ಆ ಊರಿನವಳು. ನಿಮ್ದು ಕದ್ದು ಉಪ್ಪು ಬೇಯಿಸ್ತಿದ್ದವ್ರ ಮನೆ ಅಂತ ನಮ್ಮ ಮನೇಲಿ ಅವಳಿಗೆ ಹೇಳಿದ್ರು. ನಾನೂ ಹೇಳಿದ್ದೇನೆ. ಅವ್ರು ಬೇಯಿಸಿದ್ದಕ್ಕೇ ನಾವೆಲ್ಲ ಇವತ್ತು ಇಲ್ಲಿ ಬಾವುಟ ಹಾರಿಸೋದು. ಸುಗುಣಾ, ನಂದು ತಪ್ಪಾಯ್ತು."

ಇನ್ನೂರು ಕುತ್ತಿಗೆ ಒಟ್ಟಿಗೆ ಹಿಂದಕ್ಕೆ ತಿರುಗಿತು. ಸುಗುಣಾಳಿಗೆ ಹೀಗೆ ಎಲ್ಲರೂ ನೋಡುವುದು ಅಭ್ಯಾಸವಿರಲಿಲ್ಲ, ಮುಖ ಕೆಂಪಾಯಿತು. ಅಳುತ್ತಾಳೇನೋ ಎಂದುಕೊಂಡ ಉಮಾನಾಥ. ಅವಳು ಅಳಲಿಲ್ಲ.

"ಹೆಂಗ್ಸ್ರ ಹೆಸ್ರ್ ಒಂದೂ ಇಲ್ಯಾ?" ಎಂದು ಅಲ್ಲಿಂದಲೇ ಕೇಳಿದಳು.

ಅವನು ಹಾಳೆ ನೋಡಿದ. ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದ. "ಇಲ್ಲ."

"ಉಪ್ಪ್ ಬೇಯಿಸ್ದವ್ರ್ ಅವ್ರೇ ಅಲ್ದಾ? ಗಂಡಸ್ರ್ ಕಡ್ಲಿಗೆ ಹೋತಿದ್ರ್. ಒಲಿ ಮುಂದ್ ಕೂಕಂಡ್ ಕೈ ಸುಟ್ಕಂಡದ್ದ್ ನಮ್ಮ್ ಅಜ್ಜಿ, ಅವ್ಳ್ ಅಕ್ಕ-ತಂಗ್ಯಂದ್ರ್." ದನಿ ಸ್ವಲ್ಪ ಏರಿತ್ತು. ಮೂವತ್ತು ವರ್ಷದಲ್ಲಿ ಈ ದನಿಯನ್ನು ಅವನು ಕೇಳಿರಲಿಲ್ಲ. "ನಿಮ್ಮಜ್ಜ ಬರಿಲಿಲ್ಲ. ನೀವಾದ್ರೂ ಬರಿನಿ."

ಅವನು ಸ್ಟೇಜಿನಿಂದ ಇಳಿದ. ದಾರಿಯಲ್ಲಿ ಸ್ಮೃತಿ ತನ್ನ ಪೆನ್ನು ಚಾಚಿದಳು, ತೆಗೆದುಕೊಂಡ. ಕಿಟಕಿಯ ಕಟ್ಟೆಯ ಮೇಲಿದ್ದ ಬಜೆಯ ತಟ್ಟೆಯನ್ನು ಬದಿಗೆ ಸರಿಸಿ, ಹಾಳೆ ಹರವಿ, ಹಿಂದಿನ ಖಾಲಿ ಮಗ್ಗುಲು ಮೇಲೆ ಮಾಡಿಕೊಂಡ. ಸುಗುಣಾ ಸೌಟು ಕೆಳಗಿಟ್ಟು ಸೆರಗಿಗೆ ಕೈಯೊರೆಸಿಕೊಂಡಳು.

"ಮೊದ್ಲು ನಿನ್ನಜ್ಜಿದು ಬರೀತೆ," ಎಂದ ಉಮಾನಾಥ. "ಹೆಸ್ರೆಂತ ಅವ್ರದ್ದು?"

ಹಾಗೆ ಕೇಳಿದ ಮೇಲೆ ಅವನಿಗೆ ಗೊತ್ತಾಯಿತು, ಮೂವತ್ತು ವರ್ಷದ ಸಂಸಾರದಲ್ಲಿ ಇದನ್ನು ತಾನು ಕೇಳುತ್ತಿರುವುದು ಇದೇ ಮೊದಲು ಎಂದು. ಸುಗುಣಾಳಿಗೂ ಅದು ಗೊತ್ತಿತ್ತು. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿದಳು.

"ಬಚ್ಚಿ," ಎಂದಳು.